ಮೂರು ಕಾಲಿನ ಎತ್ತು

ಕಣ್ಣು ಕಾಣದ ಮಕ್ಕಳಿಗೆ ಚಿತ್ರ ಕಲಿಸುವುದರ ಬಗ್ಗೆ, ಧಾರವಾಡದಲ್ಲಿ ಚಿತ್ರಕಲಾ ಶಿಕ್ಷಕರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳಿವು. ಬರೆಯಲು ಕುಳಿತಾಗ ಕೆಲವನ್ನು ತಿದ್ದಿದ್ದೇನೆ. ಅಂದು ಸಮಯ ಸಾಲದೆ ನುಂಗಿಕೊಂಡ ಒಂದೆರಡು ಸಂಗತಿಗಳನ್ನು ಮರಳಿ ಸೇರಿಸಿದ್ದೇನೆ.

ನನ್ನ ಅಜ್ಜಿ ಹಾಕಿದ ಕಸೂತಿಯ ಒಂದು ತುಂಡನ್ನು ಹಿಂದಿನ ಸಾಲಿನಲ್ಲಿ ಕೊಟ್ಟು ಬಂದಿದ್ದೇನೆ. ಅದು ಕೈಯಿಂದ ಕೈಗೆ ದಾಟುತ್ತ ಮುಂದೆ ಬರಲಿ. ಕಣ್ಣು ಮುಚ್ಚಿಕೊಂಡು ಮುಟ್ಟಿರಿ ಎಂದು ನಾನು ಹೇಳುವುದಿಲ್ಲ. ಇಂಥ ಸಭೆಗಳಲ್ಲಿ ಬಂದವರ ಕಣ್ಣಿಗೆ ಬಟ್ಟೆ ಕಟ್ಟಿಸುವ ರೂಢಿಯೊಂದು ಬೆಳೆದಿದೆ. ಎರಡು ನಿಮಿಷ ಬಟ್ಟೆ ಕಟ್ಟಿಕೊಂಡವರಿಗೆ ಗೊತ್ತಾಗುವುದು ಕತ್ತಲೆಯ ಭಯ. ಇಪ್ಪತ್ತು ವರ್ಷ ಬೆರಳಿನಿಂದ ಓದಿದವರ ಜಾಣತನ ಅದರಿಂದ ಗೊತ್ತಾಗುವುದಿಲ್ಲ. ಕಣ್ಣು ತೆರೆದುಕೊಂಡೇ ಮುಟ್ಟಿರಿ. ಮೇಲ್ಬದಿ, ಕೆಳಬದಿ ಎರಡನ್ನೂ ಮುಟ್ಟಿರಿ.

ಅದು ಬರುವಷ್ಟರಲ್ಲಿ, ಕಿಸೆಯಲ್ಲಿ ಐವತ್ತರ ಹೊಸ ನೋಟು ಇದ್ದವರು ತೆಗೆಯಿರಿ. ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥವಿದೆ. ನೂರರ ನೋಟಿನ ಹಿಂಬದಿಯಲ್ಲಿ ಗುಜರಾತಿನ ರಾಣಿ ಕಿ ವಾವ್ ಎಂಬ ಮೆಟ್ಟಿಲುಬಾವಿ ಇದೆ, ಐದುನೂರರಲ್ಲಿ ಕೆಂಪುಕೋಟೆ. ಈಗ ನೂರರ ನೋಟನ್ನು ಮುಂದಕ್ಕೆ ತಿರುಗಿಸಿ ಬೆರಳಾಡಿಸಿ. ಉಬ್ಬಿದ ತ್ರಿಕೋನವೊಂದು ಸಿಗುತ್ತದೆ, ಅಂಚಿನಲ್ಲಿ ನಾಲ್ಕು ಓರೆ ಗೆರೆಗಳು ಸಿಗುತ್ತವೆ. ಐದುನೂರರಲ್ಲಿ ಒಂದು ವೃತ್ತ, ಐದು ಗೆರೆ. ಐವತ್ತರಲ್ಲಿ ಅದೂ ಇಲ್ಲ; ಉದ್ದದಿಂದ ಅಳೆದುಕೊಳ್ಳಬೇಕು. ಐವತ್ತರದು 135 ಮಿಲಿಮೀಟರ್, ನೂರರದು 142. ನೂಕುನುಗ್ಗಲಿನ ಬಸ್ಸಿನಲ್ಲಿ, ಅವಸರದ ಕಂಡಕ್ಟರ್ ಮುಂದೆ ನಿಂತು ಈ ಏಳು ಮಿಲಿಮೀಟರಿನ ವ್ಯತ್ಯಾಸವನ್ನು ಹುಡುಕಬೇಕು.

ನೋಟಿನ ಮೇಲೆ ದೂರು ಹೇಳಲು ನಾನು ಬಂದಿಲ್ಲ. ನನ್ನ ತಕರಾರು ಬೇರೆ. ಕಣ್ಣಿರುವವರಿಗೆ ರಥ, ಬಾವಿ, ಕೋಟೆ ಎಲ್ಲವೂ ಸಿಕ್ಕವು. ಕಣ್ಣಿಲ್ಲದವರಿಗೆ ಒಂದು ತ್ರಿಕೋನ ಸಿಕ್ಕಿತು. ಬೆಲೆ ತಿಳಿದರಾಯಿತು, ಚಿತ್ರ ಅವರಿಗೇಕೆ ಎಂಬ ಲೆಕ್ಕ ಅದರಲ್ಲಿದೆ. ಶಾಲೆಗಳಲ್ಲಿ ನಾವೂ ಅದೇ ಲೆಕ್ಕ ಹಾಕುತ್ತೇವೆ. ಚಿತ್ರಕಲೆಯ ಅವಧಿ ಬಂದಾಗ ಕಣ್ಣು ಕಾಣದ ಮಗುವನ್ನು ಸಂಗೀತದ ಕೋಣೆಗೆ ಕಳುಹಿಸುತ್ತೇವೆ.

ಅದಕ್ಕೆ ನಮ್ಮ ಭಾಗದಲ್ಲಿ ಹೆಮ್ಮೆಯ ಕಾರಣವೂ ಒಂದಿದೆ. ಗದಗಿನ ವೀರೇಶ್ವರ ಪುಣ್ಯಾಶ್ರಮ ಗೊತ್ತಿಲ್ಲದವರು ಇಲ್ಲಿ ಯಾರೂ ಇಲ್ಲ. ಪಂಚಾಕ್ಷರಿ ಗವಾಯಿಗಳು (1892–1944), ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010) ಇಬ್ಬರೂ ಕಣ್ಣು ಕಾಣದವರು. ಕುರುಡು ಮಗು ಎಂದರೆ ಭಿಕ್ಷೆಯ ಬಟ್ಟಲು ಎಂದು ಊರೇ ತೀರ್ಮಾನಿಸಿದ್ದ ಕಾಲದಲ್ಲಿ ಆ ಮಕ್ಕಳ ಕೈಗೆ ತಬಲ, ಹಾರ್ಮೋನಿಯಂ, ಪಿಟೀಲು ಕೊಟ್ಟು ಅವರನ್ನು ವೇದಿಕೆಯ ಮೇಲೆ ಕೂರಿಸಿದವರು. ಪುಟ್ಟರಾಜರು ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲೂ ಬರೆದರು, ನಾಟಕ ಕಂಪನಿಯನ್ನೂ ನಡೆಸಿದರು. ಆ ಋಣ ತೀರುವಂಥದ್ದಲ್ಲ. ಆದರೆ ಉಳಿದ ನಾವು ಆ ದೊಡ್ಡ ಕೆಲಸದ ನೆರಳಿನಲ್ಲಿ ಸುಖವಾಗಿ ಕುಳಿತುಬಿಟ್ಟೆವು. ಕಣ್ಣಿಲ್ಲದವರಿಗೆ ಸಂಗೀತವಿದೆಯಲ್ಲ ಎಂದೆವು. ಶ್ರುತಿ ಹಿಡಿಯಲು ಬಾರದ, ಕೈಗೆ ಸಿಕ್ಕಿದ್ದನ್ನೆಲ್ಲ ತಿರುವಿ ತಿರುವಿ ಮುಟ್ಟುವ ಮಗು ಎಲ್ಲಿಗೆ ಹೋಗಬೇಕು?

ಅಂಥ ಹುಡುಗನೊಬ್ಬ ನನ್ನ ತರಗತಿಗೆ ಬಂದ. ನಾನಾಗ ಹುಬ್ಬಳ್ಳಿಯ ಶಾಲೆಯೊಂದರಲ್ಲಿ ಚಿತ್ರ ಕಲಿಸುತ್ತಿದ್ದೆ. ಅವನು ಕುಂದಗೋಳದ ಕಡೆಯ ರೈತರ ಮನೆಯವನು, ಹುಟ್ಟಿನಿಂದಲೇ ಕಣ್ಣಿಲ್ಲ. ನಾನು ಉತ್ಸಾಹದಿಂದ ಮೆಹಂದಿ ಕೋನಿಗೆ ಫೆವಿಕಾಲ್ ತುಂಬಿ, ರಟ್ಟಿನ ಮೇಲೆ ಒಂದು ಎತ್ತನ್ನು ಬಿಡಿಸಿದೆ. ರಾತ್ರಿ ಒಣಗಲು ಬಿಟ್ಟರೆ ಬೆಳಗಿನ ಹೊತ್ತಿಗೆ ಗೆರೆ ಗಟ್ಟಿಯಾಗಿ ಎದ್ದು ನಿಲ್ಲುತ್ತದೆ. ಚೆಂದದ ಎತ್ತು, ನಾನೇ ಹೇಳಬೇಕು. ಪಕ್ಕದಿಂದ ಕಂಡ ಹಾಗೆ ಬಿಡಿಸಿದ್ದೆ: ಹಿಂಗಾಲೊಂದು ಇನ್ನೊಂದರ ಮರೆಗೆ, ಕತ್ತು ತುಸು ನಮ್ಮತ್ತ ವಾಲಿ, ಆಚೆಯ ಕೊಂಬು ಈಚೆಯದಕ್ಕಿಂತ ಮೊಟಕು. ಅವನು ಐದು ನಿಮಿಷ ಬೆರಳಾಡಿಸಿ ಕೇಳಿದ: "ಅಕ್ಕಾವರೇ, ಇದರ ಕಾಲು ಮುರಿದಿದೆಯೇ?"

"ಇಲ್ಲಪ್ಪ, ಒಂದು ಕಾಲು ಹಿಂದೆ ಇದೆ, ಕಾಣುವುದಿಲ್ಲ."

"ನನಗೂ ಕಾಣುವುದಿಲ್ಲ ಅಕ್ಕಾವರೇ. ಆದರೆ ಎತ್ತಿಗೆ ನಾಲ್ಕು ಕಾಲಿವೆ."

ಮೂವತ್ತು ವರ್ಷ ಚಿತ್ರ ಕಲಿಸಿದ ನನಗೆ, ನಾನು ಕಲಿಸುತ್ತಿದ್ದುದರಲ್ಲಿ ಎತ್ತು ಎಷ್ಟು, ಕಣ್ಣಿನ ಚಾಳಿ ಎಷ್ಟು ಎಂಬ ಪ್ರಶ್ನೆ ಅಲ್ಲಿಯವರೆಗೆ ಬಂದಿರಲಿಲ್ಲ. ಮರೆಯಾಗುವುದು, ದೂರ ಹೋದಂತೆ ಚಿಕ್ಕದಾಗುವುದು, ಒಂದರ ಮೇಲೊಂದು ಬರುವುದು ಇವೆಲ್ಲ ಎತ್ತಿನ ಗುಣಗಳಲ್ಲ. ನಾವು ಒಂದು ಕಡೆ ನಿಂತು ನೋಡುವುದರಿಂದ ಆಗುವ ಅನಾಹುತಗಳು. ಕೈ ಒಂದು ಕಡೆ ನಿಲ್ಲುವುದಿಲ್ಲ, ಸುತ್ತಿ ಬರುತ್ತದೆ.

ಕೆಲವು ದಿನಗಳಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಎಲ್ಲ ಮಕ್ಕಳೂ ಎರೆಮಣ್ಣು ತಂದು ಎತ್ತು ಮಾಡಿದರು. ಅವನೂ ಒಂದು ಜೋಡಿ ಮಾಡಿದ. ಕಾಲು, ಕೊಂಬು, ಬಾಲ, ಹೆಗಲ ಮೇಲಿನ ಡುಬ್ಬ ಎಲ್ಲ ಸರಿಯಾಗಿದ್ದವು. ಅದರಲ್ಲಿ ಅಚ್ಚರಿಯಿಲ್ಲ, ಹಳ್ಳಿಯ ಮಕ್ಕಳಿಗೆ ಅದು ಬರುತ್ತದೆ. ಆದರೆ ಡುಬ್ಬದ ಮುಂದೆ ಒಂದು ತಗ್ಗು ಮಾಡಿ, ಅಲ್ಲಿ ಮಾತ್ರ ಉಗುರಿನಿಂದ ಕೆರೆದಿದ್ದ. ಏನಿದು ಎಂದರೆ, "ನೊಗ ಕೂರುವ ಜಾಗ. ಅಲ್ಲಿ ಕೂದಲು ಹೋಗಿ ತೊಗಲು ಒರಟಾಗಿರುತ್ತದೆ" ಎಂದ. ಕಣ್ಣಿರುವ ನಲವತ್ತು ಮಕ್ಕಳ ಎತ್ತುಗಳಲ್ಲಿ ಒಂದಕ್ಕೂ ಆ ಗುರುತು ಇರಲಿಲ್ಲ. ನನ್ನ ಚಿತ್ರದಲ್ಲೂ ಇರಲಿಲ್ಲ.

ಮುಂದೆ ಅವನ ಕೈಯಲ್ಲೇ ಗೆರೆ ಎಳೆಸಿದೆ. ಇದಕ್ಕೊಂದು ಸರಳ ಉಪಾಯವಿದೆ: ರಬ್ಬರ್ ಹಾಳೆಯ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹಾಸಿ ಬಾಲ್ ಪೆನ್ನಿನಿಂದ ಒತ್ತಿ ಬರೆದರೆ, ಗೆರೆ ಬರೆದ ಬದಿಯಲ್ಲೇ ಉಬ್ಬಿ ಬರುತ್ತದೆ. ಬರೆಯುತ್ತಲೇ ಇನ್ನೊಂದು ಕೈಯಿಂದ ಅದನ್ನು ಮುಟ್ಟಬಹುದು. ಅವನು ಬಿಡಿಸಿದ ಎತ್ತಿನ ನಾಲ್ಕು ಕಾಲುಗಳು ನಾಲ್ಕು ಮೂಲೆಗೆ ಚಾಚಿಕೊಂಡಿದ್ದವು, ತೊಗಲನ್ನು ಬಿಡಿಸಿ ನೆಲಕ್ಕೆ ಹಾಸಿದ ಹಾಗೆ. ಸ್ಟಾಫ್ ರೂಮಿನಲ್ಲಿ ನಕ್ಕರು. ನಾನು ನಗಲಿಲ್ಲ. ಮೂರು ಕಾಲಿನ ಎತ್ತನ್ನು ಬಿಡಿಸಿದವಳಿಗೆ ಆ ಹಕ್ಕು ಇರಲಿಲ್ಲ.

ಇಲ್ಲಿ ಸ್ವಲ್ಪ ಇತಿಹಾಸ ಹೇಳಬೇಕು, ಏಕೆಂದರೆ ಇದೇ ತಪ್ಪನ್ನು ನನಗಿಂತ ಮೊದಲು ದೊಡ್ಡವರು ಮಾಡಿದ್ದಾರೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಪ್ಯಾರಿಸಿನಲ್ಲಿ ವ್ಯಾಲೆಂಟಿನ್ ಹೌಯ್ ಎಂಬ ಪುಣ್ಯಾತ್ಮ ಅಂಧ ಮಕ್ಕಳಿಗಾಗಿ ಶಾಲೆ ತೆರೆದ. ಓದಿಸುವುದು ಹೇಗೆ? ಅಚ್ಚಿನ ಅಕ್ಷರಗಳನ್ನೇ ದೊಡ್ಡದಾಗಿ ಕಾಗದದ ಮೇಲೆ ಉಬ್ಬಿಸಿದ. ನೋಡಿದವರಿಗೆಲ್ಲ ಮೆಚ್ಚುಗೆಯಾಯಿತು, ನೋಡುವವರ ಅಕ್ಷರಗಳೇ ತಾನೇ. ಓದುವ ಮಕ್ಕಳು ಮಾತ್ರ ಒಂದೊಂದು ಅಕ್ಷರದ ಸುತ್ತ ಬೆರಳು ತಿರುಗಿಸಿ ತಿರುಗಿಸಿ ಸಾಕಾದರು. 1819ರಲ್ಲಿ ಅದೇ ಶಾಲೆಗೆ ಹತ್ತು ವರ್ಷದ ಲೂಯಿ ಬ್ರೈಲ್ ಸೇರಿದ. ಅಪ್ಪನದು ಕುದುರೆಯ ಜೀನು, ಪಟ್ಟಿ ಹೊಲಿಯುವ ಕೆಲಸ. ಮೂರನೆಯ ವಯಸ್ಸಿನಲ್ಲಿ ತೊಗಲು ಚುಚ್ಚುವ ದಬ್ಬಣ ತಗುಲಿ ಮಗನ ಕಣ್ಣು ಹೋಗಿತ್ತು. ಸೈನಿಕರು ಕತ್ತಲೆಯಲ್ಲಿ ಓದಲೆಂದು ಚಾರ್ಲ್ಸ್ ಬಾರ್ಬಿಯೆ ಎಂಬಾತ ಹನ್ನೆರಡು ಚುಕ್ಕಿಗಳ ಸಂಕೇತವೊಂದನ್ನು ಕಟ್ಟಿದ್ದ. ಬ್ರೈಲ್ ಅದನ್ನು ಆರಕ್ಕೆ ಇಳಿಸಿದ. 1824ರಲ್ಲಿ ಅವನಿಗೆ ಹದಿನೈದು ವರ್ಷ. ಆರು ಚುಕ್ಕಿಗಳಲ್ಲಿ ಅರವತ್ತಮೂರು ಗುರುತುಗಳು, ಒಂದೊಂದೂ ಒಂದೇ ಬೆರಳ ತುದಿಯ ಕೆಳಗೆ ಹಿಡಿಯುವಷ್ಟು.

ಬ್ರೈಲ್ ಗುರುತಿಗೂ ಅಚ್ಚಿನ ಅಕ್ಷರಕ್ಕೂ ಯಾವ ಹೋಲಿಕೆಯೂ ಇಲ್ಲ. ಅವನು ಗೆದ್ದದ್ದು ಅಲ್ಲಿ. ಕಣ್ಣಿಗೆ ಒಪ್ಪುವುದನ್ನು ಉಬ್ಬಿಸಿ ಕೊಡುವ ಬದಲು ಬೆರಳಿಗೆ ಒಪ್ಪುವುದನ್ನು ಹೊಸದಾಗಿ ಕಟ್ಟಿದ. ಅಕ್ಷರದ ಮಟ್ಟಿಗೆ ಈ ಜಗಳಕ್ಕೆ ಇನ್ನೂರು ವರ್ಷಗಳ ಹಿಂದೆಯೇ ಉತ್ತರ ಸಿಕ್ಕಿತು. ಚಿತ್ರದ ಮಟ್ಟಿಗೆ ನಾವು ಇನ್ನೂ ಹೌಯ್‌ನ ಕಾಲದಲ್ಲಿದ್ದೇವೆ. ಚಿತ್ರದ ಗೆರೆಗಳನ್ನೆಲ್ಲ ಉಬ್ಬಿಸಿ, ಕೆಳಗೆ ಬ್ರೈಲಿನಲ್ಲಿ ಹೆಸರು ಬರೆದು, ಫೋಟೊ ತೆಗೆಸಿಕೊಳ್ಳುತ್ತೇವೆ.

ಬ್ರೈಲ್ ಕಲೆ ಎಂಬ ಹೆಸರಿನಲ್ಲಿ ಗೋಡೆಯ ಮೇಲೆ ಬಾಟಲಿಯ ಮುಚ್ಚಳದಷ್ಟು ದೊಡ್ಡ ಚುಕ್ಕಿಗಳನ್ನು ಬಿಡಿಸಿದ್ದನ್ನು ನೀವೂ ನೋಡಿರಬಹುದು. ಅದನ್ನು ಓದಲು ಆನೆಯ ಬೆರಳು ಬೇಕು. ಎರಡು ಚುಕ್ಕಿಗಳ ನಡುವೆ ಸುಮಾರು ಎರಡೂವರೆ ಮಿಲಿಮೀಟರ್ ಅಂತರ ಇದ್ದರೆ ಬ್ರೈಲ್, ಅದನ್ನು ಹಿಗ್ಗಿಸಿದರೆ ಬರೀ ಅಲಂಕಾರ. ಇನ್ನು ಕೆಲವರು ಬ್ರೈಲಿಗೂ ರಂಗೋಲಿಗೂ ನಂಟು ಹಚ್ಚುತ್ತಾರೆ, ಎರಡರಲ್ಲೂ ಚುಕ್ಕಿ ಇವೆ ಎಂದು. ರಂಗೋಲಿಯ ಚುಕ್ಕಿ ಇರುವುದು ಕೂಡಿಸುವುದಕ್ಕೆ. ಬ್ರೈಲಿನ ಚುಕ್ಕಿಗಳನ್ನು ಕೂಡಿಸಿದರೆ ಓದು ಮುಗಿಯಿತು.

ನಮ್ಮ ಭಾಷೆಗಳಿಗೆಲ್ಲ ಒಂದೇ ಬ್ರೈಲ್ ಇರಲೆಂದು 1951ರಲ್ಲಿ ಭಾರತಿ ಬ್ರೈಲ್ ಗೊತ್ತುಮಾಡಿದರು. ಅದರಲ್ಲಿ ಕನ್ನಡದ ಕ, ಹಿಂದಿಯ ಕ, ಇಂಗ್ಲಿಷಿನ ಕೆ ಎಲ್ಲಕ್ಕೂ ಒಂದೇ ಗುರುತು, ಒಂದು ಮತ್ತು ಮೂರನೆಯ ಚುಕ್ಕಿ. ಗುಣಿಸು, ಕೊಂಬು ಮೇಲೆ ಕೆಳಗೆ ಅಂಟಿಕೊಳ್ಳುವುದಿಲ್ಲ. ವ್ಯಂಜನದ ಪಕ್ಕದಲ್ಲಿ ಸ್ವರ ಬಂದು ಕೂರುತ್ತದೆ. ಬಹಳ ಅನುಕೂಲ. ಆದರೆ ಗದಗಿನ ಕಡೆಯ ಹುಡುಗಿಯೊಬ್ಬಳು ಒಮ್ಮೆ ನನಗೆ ಹೀಗೆ ಹೇಳಿದಳು: "ಕನ್ನಡದ ಅಕ್ಷರ ಮುತ್ತಿನ ಹಾಗೆ ದುಂಡಗಿದೆ ಎಂದು ಎಲ್ಲರೂ ಹೇಳುತ್ತಾರೆ. ನಾನು ಓದುವ ಕನ್ನಡ ದುಂಡಗಿಲ್ಲವಲ್ಲ." ಅವಳಿಗೆ ಹತ್ತನೆಯ ತರಗತಿಯ ಪಠ್ಯ ಬಾಯಿಪಾಠವಿತ್ತು, ತನ್ನ ಹೆಸರಿನ ಆಕಾರ ಗೊತ್ತಿರಲಿಲ್ಲ. ಅಂದೇ ದಪ್ಪ ದಾರದಲ್ಲಿ ಅಕ್ಷರಗಳನ್ನು ಅಂಟಿಸಿ ಕೊಟ್ಟೆ. ತಲೆಕಟ್ಟು ಅವಳಿಗೆ ವಿಚಿತ್ರವೆನಿಸಿತು. ಎಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದು ಠ: ಸೊನ್ನೆಯೊಳಗೊಂದು ಚುಕ್ಕಿ. ಅವಳ ಹೆಸರಿನಲ್ಲಿ ಠ ಇರಲಿಲ್ಲ, ಅದಕ್ಕೆ ಬೇಸರವನ್ನೂ ಮಾಡಿಕೊಂಡಳು.

ಮುಟ್ಟಿ ತಿಳಿದದ್ದು ಕಣ್ಣಿಗೂ ತಾನಾಗಿ ತಿಳಿಯುತ್ತದೆಯೇ ಎಂಬ ಪ್ರಶ್ನೆ ಹಳೆಯದು. ಹುಟ್ಟುಕುರುಡನಿಗೆ ಗೋಲಿ, ಘನ ಎರಡೂ ಕೈಯಿಂದ ಗೊತ್ತಿವೆ. ದೃಷ್ಟಿ ಬಂದ ಕೂಡಲೇ ನೋಡಿ ಇದು ಗೋಲಿ ಎಂದಾನೆಯೇ ಎಂದು 1688ರಲ್ಲಿ ವಿಲಿಯಂ ಮಾಲಿನೋ ಎಂಬ ಐರ್ಲೆಂಡಿನ ವಿದ್ವಾಂಸ ತತ್ತ್ವಜ್ಞಾನಿ ಜಾನ್ ಲಾಕ್‌ಗೆ ಕಾಗದ ಬರೆದು ಕೇಳಿದ್ದ. ಉತ್ತರ ಸಿಕ್ಕಿದ್ದು ನಮ್ಮ ದೇಶದ ಮಕ್ಕಳಿಂದ. ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಪಡೆದ ಮಕ್ಕಳನ್ನು ವಿಜ್ಞಾನಿ ಪವನ್ ಸಿನ್ಹಾ ಮತ್ತು ಸಂಗಡಿಗರು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದರು: ಕೂಡಲೇ ಗುರುತಿಸಲಾರರು, ಆದರೆ ಕೆಲವೇ ದಿನಗಳಲ್ಲಿ ಕಲಿಯುತ್ತಾರೆ. ಕೈಯ ಆಕಾರ ಬೇರೆ, ಕಣ್ಣಿನ ಆಕಾರ ಬೇರೆ, ನಡುವೆ ಸೇತುವೆ ಕಟ್ಟಬೇಕು ಎಂದಾಯಿತು. ನನ್ನ ಫೆವಿಕಾಲ್ ಎತ್ತು ಸೇತುವೆಯಿಲ್ಲದ ಹೊಳೆಗೆ ಇಳಿದಿತ್ತು.

ಈಗ ಕಸೂತಿಗೆ ಬರುತ್ತೇನೆ. ಬಟ್ಟೆ ಅರ್ಧ ಸಭೆ ದಾಟಿರಬೇಕು.

ಅಜ್ಜಿಗೆ ಕೊನೆಯ ಹತ್ತು ವರ್ಷ ಕಣ್ಣು ಮಂಜಾಗಿತ್ತು. ಆದರೂ ನಾವು ಹಾಕಿದ ಕಸೂತಿಯನ್ನು ತಂದು ತೋರಿಸಬೇಕಿತ್ತು, ತೋರಿಸುವುದು ಎಂದರೆ ಅವಳ ತೊಡೆಯ ಮೇಲೆ ಇಡುವುದು. ಹೆಬ್ಬೆರಳಿನಿಂದ ತಿಕ್ಕುತ್ತ, "ಇಲ್ಲಿ ಗಂಟು ಹಾಕಿದ್ದೀ, ಬಿಚ್ಚು" ಎನ್ನುತ್ತಿದ್ದಳು. ಕಸೂತಿಯಲ್ಲಿ ಗಂಟು ಹಾಕಬಾರದು, ಬಟ್ಟೆಯ ಮೇಲೆ ಪೆನ್ಸಿಲಿನಿಂದ ನಕ್ಷೆಯನ್ನೂ ಬರೆಯಬಾರದು. ನೇಯ್ಗೆಯ ಎಳೆಗಳನ್ನು ಎಣಿಸುತ್ತ ಹೋಗಬೇಕು. ಗವಂತಿ ಎಂಬ ಹೊಲಿಗೆಯಲ್ಲಿ ಒಂದು ಬಿಟ್ಟು ಒಂದು ಹಾಕುತ್ತ ಹೋಗಿ, ಬಿಟ್ಟ ಜಾಗವನ್ನು ತುಂಬುತ್ತ ಬಂದ ದಾರಿಯಲ್ಲೇ ಮರಳಬೇಕು. ಆಗ ಬಟ್ಟೆಯ ಎರಡೂ ಬದಿಗೆ ಒಂದೇ ಚಿತ್ರ. ಮುರಗಿ ಎಂದರೆ ಅದೇ ಹೊಲಿಗೆ ಮೆಟ್ಟಿಲು ಮೆಟ್ಟಿಲಾಗಿ ಮುರಿಯುತ್ತ ಹೋಗುವುದು. ನೇಗಿ ನೇಯ್ದ ಹಾಗೆ ಉದ್ದುದ್ದ, ಮೆಂತಿ ಕತ್ತರಿಯಾಕಾರದಲ್ಲಿ ದಟ್ಟ. ಬೆರಳಿಗೆ ಈ ನಾಲ್ಕೂ ನಾಲ್ಕು ಬೇರೆ ನೆಲಗಳು.

ಕಸೂತಿಯ ಆನೆಯನ್ನು ಗಮನಿಸಿ. ಕಾಲಿನ ಹಿಂದೆ ಕಾಲು ಅಡಗುವುದಿಲ್ಲ. ನೆರಳಿಲ್ಲ, ದೂರ ಹತ್ತಿರವಿಲ್ಲ. ಗೋಪುರ ನಿಜವಾದ ಗೋಪುರದ ಹಾಗಿಲ್ಲ, ಎಣಿಸಬಹುದಾದ ಮೆಟ್ಟಿಲುಗಳಾಗಿದೆ. ತೇರು, ಪಲ್ಲಕ್ಕಿ, ತುಳಸಿಕಟ್ಟೆ ಎಲ್ಲವೂ ಹಾಗೆಯೇ. ಚಂದ್ರಕಾಳಿ ಸೀರೆಯ ಮೇಲೆ ಇವನ್ನು ಹಾಕಿದ ಹೆಂಗಸರ ಮನಸ್ಸಿನಲ್ಲಿ ಅಂಧರಿರಲಿಲ್ಲ. ಎಳೆ ಎಣಿಸುವ ಕಟ್ಟುಪಾಡು ಅವರನ್ನು ಅಲ್ಲಿಗೆ ಒಯ್ದಿತು. ನಾನು ಪೇಟೆಯಿಂದ ಗೋಣಿತಟ್ಟು ತಂದೆ, ದಪ್ಪ ಉಣ್ಣೆಯ ದಾರ ತಂದೆ, ಮೊಂಡು ಸೂಜಿ ತಂದೆ. ಗೋಣಿಯ ಎಳೆಗಳು ಬೆರಳಿಗೆ ಎಣಿಸಲು ಸಿಗುತ್ತವೆ. ಅಕ್ಷರದ ಹುಡುಗಿ ಮೂರು ವಾರದಲ್ಲಿ ಒಂದು ಗೋಪುರ ಹಾಕಿದಳು. ಅದನ್ನು ಮುಟ್ಟಿದ ಎತ್ತಿನ ಹುಡುಗ ಕೇಳಿದ್ದು ಒಂದೇ, "ಗುಡಿಗೆ ಇಷ್ಟೊಂದು ಮೆಟ್ಟಿಲು ಏಕೆ, ಹತ್ತುವುದು ಯಾರು?" ಗೋಪುರದ ಅಂತಸ್ತುಗಳೆಂದರೆ ಏನು ಎಂದು ವಿವರಿಸಬೇಕಾಯಿತು.

ಆ ವಿವರಣೆಯ ಬೆನ್ನುಹತ್ತಿಯೇ ನಾವು ದಂಬಳಕ್ಕೆ ಹೋದೆವು. ಮುಂಡರಗಿ ತಾಲ್ಲೂಕಿನ ದೊಡ್ಡಬಸಪ್ಪನ ಗುಡಿ ಚಾಲುಕ್ಯರ ಕಾಲದ್ದು. ಗರ್ಭಗುಡಿಯ ಹೊರಗೋಡೆ ಇಪ್ಪತ್ತನಾಲ್ಕು ಮೂಲೆಗಳ ನಕ್ಷತ್ರ. ಕಣ್ಣಿಗೆ ಅದು ಬಹುಮಟ್ಟಿಗೆ ದುಂಡಗೆ ಕಾಣುತ್ತದೆ, ಮೂಲೆಗಳು ಅಷ್ಟು ಒತ್ತಾಗಿವೆ. ಫೋಟೊದಲ್ಲಂತೂ ಏನೂ ತಿಳಿಯದು. ಹುಡುಗ ಗೋಡೆಯ ಬದಿಯಲ್ಲಿ ಅಂಗೈ ಸೋಕಿಸುತ್ತ ನಡೆದು, "ಸೈಕಲ್ಲಿನ ಹಲ್ಲಿನ ಗಾಲಿ ಇದ್ದ ಹಾಗಿದೆ" ಎಂದ. ನಾನು ಓದಿದ ಯಾವ ವರ್ಣನೆಯೂ ಆ ಒಂದು ಮಾತಿಗೆ ಸಮನಾಗಿಲ್ಲ. ಮರಳಿ ಬಂದು ಆ ನಕ್ಷತ್ರ ಹುಟ್ಟುವ ಬಗೆಯನ್ನೂ ಕೈಯಲ್ಲೇ ತೋರಿಸಿದೆ. ಒಂದೇ ಅಳತೆಯ ಆರು ಚೌಕ ರಟ್ಟುಗಳನ್ನು ನಡುವೆ ಒಂದು ಮೊಳೆ ಹೊಡೆದು ಒಟ್ಟಿಗೆ ಸೇರಿಸಿ. ಒಂದೊಂದನ್ನೂ ಹಿಂದಿನದಕ್ಕಿಂತ ಹದಿನೈದು ಡಿಗ್ರಿ ತಿರುಗಿಸುತ್ತ ಹೋಗಿ. ಆರು ನಾಲ್ಕಲೆ ಇಪ್ಪತ್ತನಾಲ್ಕು ಮೂಲೆ ಸುತ್ತ ಏಳುತ್ತವೆ. ಕಣ್ಣಿರುವ ಮಕ್ಕಳು ಕೂಡ ಆ ರಟ್ಟು ತಿರುಗಿಸಲು ಸಾಲುಗಟ್ಟಿದರು. ಶಾಲೆಗೆ ದುಡ್ಡಿದ್ದರೆ ಉಬ್ಬುವ ಕಾಗದ ಸಿಗುತ್ತದೆ: ಕಪ್ಪು ಶಾಯಿಯಲ್ಲಿ ನಕ್ಷೆ ಮುದ್ರಿಸಿ ಯಂತ್ರದ ಬಿಸಿಗೆ ಒಡ್ಡಿದರೆ, ಕಪ್ಪು ಇರುವಲ್ಲಿ ಮಾತ್ರ ಕಾಗದ ಉಬ್ಬುತ್ತದೆ. ಒಳ್ಳೆಯದೇ. ನನಗೆ ಮೊಳೆ ಹೊಡೆದ ರಟ್ಟು ಹೆಚ್ಚು ಇಷ್ಟ.

ಹೊರಗಿನ ಜಗತ್ತಿನಲ್ಲಿ ಏನು ನಡೆದಿದೆ ಎಂದು ಕೇಳುತ್ತೀರಿ. ಬೇಗ ಹೇಳಿ ಮುಗಿಸುತ್ತೇನೆ. ಇಟಲಿಯ ಆಂಕೋನಾದಲ್ಲಿ ಕಣ್ಣು ಕಾಣದ ದಂಪತಿಗಳಾದ ಆಲ್ಡೋ ಗ್ರಾಸ್ಸಿನಿ ಮತ್ತು ಡ್ಯಾನಿಯೆಲಾ ಬೊಟ್ಟೆಗೋನಿ ಅವರ ಛಲದಿಂದ 1993ರಲ್ಲಿ ಓಮೆರೋ ಮ್ಯೂಸಿಯಂ ಶುರುವಾಯಿತು. ಅಲ್ಲಿ ಶಿಲ್ಪಗಳನ್ನು ಮುಟ್ಟಲೇಬೇಕು. ಮ್ಯಾಡ್ರಿಡ್ಡಿನ ಪ್ರಾಡೊ ಮ್ಯೂಸಿಯಂ 2015ರಲ್ಲಿ ಆರು ವರ್ಣಚಿತ್ರಗಳ ಉಬ್ಬು ಪ್ರತಿಗಳನ್ನು ಮಾಡಿಸಿ ಮುಟ್ಟಲು ಬಿಟ್ಟಿತು. ನಮ್ಮ ದೇಶದ ಚಿತ್ರಕಾರ ಬಿನೋದ್ ಬಿಹಾರಿ ಮುಖರ್ಜಿ 1950ರ ದಶಕದ ಉತ್ತರಾರ್ಧದಲ್ಲಿ ಪೂರ್ತಿ ದೃಷ್ಟಿ ಕಳೆದುಕೊಂಡ ಮೇಲೂ ಕಾಗದ ಕತ್ತರಿಸಿ ಅಂಟಿಸಿ ಚಿತ್ರ ಮಾಡಿದರು. ದೆಹಲಿಯ ರಾಷ್ಟ್ರೀಯ ಮ್ಯೂಸಿಯಮ್ಮಿನಲ್ಲಿ ಮುಟ್ಟಿ ನೋಡುವ ಪ್ರತಿಕೃತಿಗಳ ವಿಭಾಗವಿದೆ, ಹೆಸರು 'ಅನುಭವ್'. ಹುಬ್ಬಳ್ಳಿಯಿಂದ ದೆಹಲಿ ದೂರ, ಗೋಣಿತಟ್ಟು ಹತ್ತಿರ.

ಬಣ್ಣದ ಮಾತು ಬಾಕಿ ಇದೆ. ಒಂದೊಂದು ಬಣ್ಣಕ್ಕೆ ಒಂದೊಂದು ಒರಟುತನ ಗೊತ್ತುಮಾಡುವವರಿದ್ದಾರೆ: ಕೆಂಪಿಗೆ ಮರಳು, ನೀಲಿಗೆ ರೇಷ್ಮೆ. ನನಗೆ ಅದರಲ್ಲಿ ನಂಬಿಕೆಯಿಲ್ಲ, ಅದು ಮತ್ತೊಂದು ನೋಟಿನ ತ್ರಿಕೋನ. ನಾನೂ ಒಮ್ಮೆ ಜಾಣತನ ತೋರಲು ಹೋಗಿ, ಕೆಂಪು ಎಂದರೆ ಮೆಣಸಿನಕಾಯಿಯ ಹಾಗೆ, ನಾಲಿಗೆ ಚುರ್ ಎನ್ನುವ ಬಣ್ಣ ಎಂದೆ. ಆ ಗುಂಪಿನಲ್ಲಿ ಬ್ಯಾಡಗಿಯ ಹುಡುಗನೊಬ್ಬನಿದ್ದ, ಅವರ ಮನೆಯವರು ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡುವವರು. "ನಮ್ಮ ಊರಿನ ಕಾಯಿ ಎಲ್ಲಕ್ಕಿಂತ ಕೆಂಪು ಎಂದು ಹೇಳುತ್ತಾರೆ ಅಕ್ಕಾವರೇ, ಆದರೆ ಅದಕ್ಕೆ ಖಾರವೇ ಇಲ್ಲ" ಎಂದ. ಅಂದಿನಿಂದ ಬಣ್ಣದ ಬಗ್ಗೆ ಯಾರಾದರೂ ಕೇಳಿದರೆ, ಯಾವ ಬಣ್ಣವನ್ನು ಯಾರು ಯಾವಾಗ ಉಡುತ್ತಾರೆ, ಯಾವುದಕ್ಕೆ ಜಗಳವಾಡುತ್ತಾರೆ ಎಂದು ಕತೆ ಹೇಳುತ್ತೇನೆ. ಬಣ್ಣ ಹೀಗಿರುತ್ತದೆ ಎಂದು ಹೇಳುವುದನ್ನು ಬಿಟ್ಟಿದ್ದೇನೆ.

ಮಾತು ಮುಗಿದ ಮೇಲೆ ಹಿರಿಯರೊಬ್ಬರು, ಇಷ್ಟೆಲ್ಲ ಶ್ರಮಪಟ್ಟರೆ ಆ ಮಕ್ಕಳಿಗೆ ಚಿತ್ರದಿಂದ ಏನು ಪ್ರಯೋಜನ ಎಂದು ಕೇಳಿದರು. ನಿಮ್ಮ ಮನೆಯ ಪಡಸಾಲೆಯ ಚಿತ್ರದಿಂದ ನಿಮಗೇನು ಪ್ರಯೋಜನ ಸರ್ ಎಂದುಬಿಟ್ಟೆ. ಸಭೆಯಲ್ಲಿ ದೊಡ್ಡವರಿಗೆ ಹಾಗೆ ಕೇಳಬಾರದಿತ್ತು. ಅವರು ನಕ್ಕರು; ನಗದೆ ಇದ್ದವರೂ ಇದ್ದರು.

ಕಸೂತಿಯ ತುಂಡು ಮುಂದಿನ ಸಾಲಿಗೆ ಬರುವಾಗ ಮೂರನೆಯ ಸಾಲಿನಲ್ಲಿ ಬಹಳ ಹೊತ್ತು ನಿಂತಿತ್ತು. ಅಲ್ಲಿ ಕಣ್ಣು ಕಾಣದ ಸಂಗೀತ ಶಿಕ್ಷಕಿಯೊಬ್ಬರು ಕುಳಿತಿದ್ದರು. ಚಹಾದ ಹೊತ್ತಿಗೆ ಅದನ್ನು ತಂದು ಕೊಟ್ಟು, "ಅಜ್ಜಿಯವರ ಕೈ ಅಪರೂಪದ್ದು ಮೇಡಂ. ಆದರೆ ಗೋಪುರಕ್ಕೆ ಬಲಗಡೆ ಹನ್ನೊಂದು ಮೆಟ್ಟಿಲು, ಎಡಗಡೆ ಹತ್ತು" ಎಂದರು. ಸಾಧ್ಯವಿಲ್ಲ ಎಂದೆ. ಐವತ್ತು ವರ್ಷಗಳಿಂದ ನೋಡುತ್ತಿರುವ ಬಟ್ಟೆ. ಅಜ್ಜಿ ಎಳೆ ತಪ್ಪುವವಳಲ್ಲ, ತಪ್ಪಿದವರನ್ನು ಬಿಡುವವಳೂ ಅಲ್ಲ.

ರಾತ್ರಿ ದೀಪದ ಕೆಳಗೆ ಹಿಡಿದು ಎಣಿಸಿದೆ. ಎಡಗಡೆ ಹತ್ತೇ ಇವೆ. ಆರನೆಯ ಮೆಟ್ಟಿಲನ್ನು ಎರಡು ಮೆಟ್ಟಿಲಿನಷ್ಟು ಎತ್ತರ ಮಾಡಿ, ತುದಿ ಸರಿಹೊಂದುವ ಹಾಗೆ ಮುಚ್ಚಿಹಾಕಿದ್ದಾಳೆ.